ಎದುರಾಳಿಯ ಪುಸ್ತಕದಲ್ಲಿ ಚಾರ್ವಾಕರನ್ನು ಹುಡುಕುವ ಕ್ರಮ

‘ಸಾಲ ಮಾಡಿಯಾದರೂ ತುಪ್ಪ ತಿನ್ನು’ ಎಂಬ ಒಂದೇ ಮಾತಿನಲ್ಲಿ ಚಾರ್ವಾಕರನ್ನು ಮುಗಿಸಿಬಿಡುವವರು ಬಹಳ ಮಂದಿ. ಆ ಮಾತು ಅವರದ್ದೇ ಎನ್ನಲು ಇರುವ ಆಧಾರ ತೀರ ತೆಳು. ಅದು ಹೇಗೆಂದು ಮುಂದೆ ಒಂದೊಂದೇ ಸಾಲು ಬಿಡಿಸಿ ತೋರಿಸುತ್ತೇವೆ. ಅದಕ್ಕೂ ಮೊದಲು ಒಂದು ವಿಷಯ ಗಟ್ಟಿಯಾಗಲಿ: ದೇವರು, ಪರಲೋಕ, ಯಜ್ಞದ ಫಲ ಇವನ್ನು ನಿರಾಕರಿಸಿದ ಭಾರತದ ಅತಿ ಹಳೆಯ ಪಂಥವಾದ ಈ ಚಾರ್ವಾಕರ ಮೂಲಗ್ರಂಥ ಇವತ್ತು ನಮ್ಮ ಕೈಯಲ್ಲಿಲ್ಲ. ಉಳಿದಿರುವುದು ಬೌದ್ಧರು, ಜೈನರು, ನೈಯಾಯಿಕರು (ತರ್ಕಶಾಸ್ತ್ರದ ನ್ಯಾಯ ದರ್ಶನದವರು), ವೇದಾಂತಿಗಳು ‘ಇವರು ಹೀಗೆನ್ನುತ್ತಾರೆ, ಅದು ತಪ್ಪು’ ಎಂದು ಬರೆದಿಟ್ಟದ್ದು ಮಾತ್ರ. ಎದುರಾಳಿ ಕೊಟ್ಟ ಹೇಳಿಕೆಯಿಂದ ಗೈರುಹಾಜರಾದವನ ಮಾತನ್ನು ಹೊರತೆಗೆಯಬೇಕು. ಇದಕ್ಕೊಂದು ಕ್ರಮವಿದೆ, ಕಲಿಯಬಹುದು. ನಂಬಿಕೆ ಮತ್ತು ಅಪನಂಬಿಕೆ ಈ ನೆಲದಲ್ಲಿ ಹೇಗೆ ಜೊತೆಜೊತೆಗೇ ಬೆಳೆದವು ಎಂದು ಕಣ್ಣಾರೆ ನೋಡಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಗೊತ್ತಿಲ್ಲ.

ಏನೇನು ಬೇಕು

ಒಬ್ಬರೇ ಮಾಡಬಹುದು. ಆದರೆ ನಾಲ್ಕರಿಂದ ಆರು ಜನ ಸೇರಿ ವಾರಕ್ಕೊಮ್ಮೆ ಒಂದೂವರೆ ಗಂಟೆ ಕೂತರೆ ಹತ್ತು ವಾರದಲ್ಲಿ ಚೆನ್ನಾಗಿ ಮುಗಿಯುತ್ತದೆ. 200 ಪುಟದ ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಮೂರು ಮೀಟರ್ ಉದ್ದದ ಕಾಗದದ ಪಟ್ಟಿ ಇಟ್ಟುಕೊಳ್ಳಿ. ಕ್ಯಾಲೆಂಡರ್ ಹಾಳೆಗಳ ಹಿಂಬದಿಯನ್ನು ಅಂಟಿಸಿಕೊಂಡರೂ ಸಾಕು. ಪುಸ್ತಕಗಳಲ್ಲಿ ಬೌದ್ಧರ ಪಾಲಿ ಗ್ರಂಥ ದೀಘನಿಕಾಯದ ಎರಡು ಸುತ್ತಗಳು, ಅಂದರೆ ಉಪದೇಶಗಳು (ಸಾಮಞ್ಞಫಲ ಮತ್ತು ಪಾಯಾಸಿ), ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡ, ಜೈನ ಹರಿಭದ್ರನ ಷಡ್ದರ್ಶನಸಮುಚ್ಚಯ, ಮಾಧವನ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯ ಇದ್ದರೆ ಶುರು ಮಾಡಬಹುದು. ಎಲ್ಲರಿಗೂ ಸಂಸ್ಕೃತ ಬರಬೇಕಿಲ್ಲ. ಗುಂಪಿನಲ್ಲಿ ಒಬ್ಬರಾದರೂ ಮೂಲದ ಸಾಲನ್ನು ಓದಿ ಅನುವಾದದ ಜೊತೆ ಹೋಲಿಸುವವರಿರಲಿ, ಮೂಲ ಮತ್ತು ಅನುವಾದ ಎದುರುಬದುರು ಅಚ್ಚಾದ ಪ್ರತಿಯನ್ನೇ ಆರಿಸಿಕೊಳ್ಳಿ.

ಕೊಳ್ಳುವಾಗ ಒಂದು ಎಚ್ಚರ. ‘ಬೃಹಸ್ಪತಿ ಸೂತ್ರ’ ಎಂಬ ಹೆಸರಿನಲ್ಲಿ ಅಚ್ಚಾದ ಗ್ರಂಥವೊಂದು ಸಿಗುತ್ತದೆ. ಚಾರ್ವಾಕರು ತಮ್ಮ ಮೂಲಪುರುಷ ಬೃಹಸ್ಪತಿ ಎನ್ನುತ್ತಿದ್ದರಲ್ಲ, ಇದೇ ಅವರ ಮೂಲವೆಂದು ಖುಷಿಯಿಂದ ಕೊಂಡವರಿದ್ದಾರೆ. ಅದು ಬಹುಮಟ್ಟಿಗೆ ರಾಜನೀತಿಯ ಪುಸ್ತಕ, ಕಾಲದಲ್ಲೂ ಹಿಂದಿನದಲ್ಲ. ನಮ್ಮ ಕೆಲಸಕ್ಕೆ ಬರುವುದಿಲ್ಲ.

‘ನಾಸ್ತಿಕ’ ಎಂಬ ಪದ

ಮೊದಲ ವಾರವನ್ನು ಪೂರ್ತಿ ಈ ಒಂದು ಪದಕ್ಕೆ ಕೊಡಿ. ಇಲ್ಲಿ ಎಡವಿದರೆ ಮುಂದೆ ಓದುವುದೆಲ್ಲ ಕಲಸುಮೇಲೋಗರ.

ಪಾಣಿನಿಯ ಸೂತ್ರ ‘ಅಸ್ತಿನಾಸ್ತಿದಿಷ್ಟಂ ಮತಿಃ’ (4.4.60). ‘ಇದೆ’ ಎಂಬ ಮತಿಯವನು ಆಸ್ತಿಕ, ‘ಇಲ್ಲ’ ಎಂಬ ಮತಿಯವನು ನಾಸ್ತಿಕ. ಇದೆ ಎಂದರೆ ಏನು ಇದೆ? ಸೂತ್ರ ಹೇಳುವುದಿಲ್ಲ. ಪಾಣಿನಿಯ ಸೂತ್ರಗಳ ವ್ಯಾಖ್ಯಾನವಾದ ಕಾಶಿಕಾ ವೃತ್ತಿ ‘ಪರಲೋಕ ಇದೆ’ ಎಂದು ತುಂಬಿಕೊಡುತ್ತದೆ. ದೇವರ ಸುದ್ದಿಯೇ ಅಲ್ಲಿಲ್ಲ. ಮನುಸ್ಮೃತಿ (2.11) ‘ನಾಸ್ತಿಕೋ ವೇದನಿಂದಕಃ’ ಎನ್ನುತ್ತದೆ, ಅಲ್ಲಿ ವೇದವನ್ನು ಹಳಿಯುವವನೇ ನಾಸ್ತಿಕ. ಇವತ್ತಿನ ಕನ್ನಡದಲ್ಲಿ ದೇವರಿಲ್ಲ ಎನ್ನುವವನು ನಾಸ್ತಿಕ. ಒಂದು ಪದ, ಮೂರು ಅರ್ಥ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಕಂಬ ಎಳೆಯಿರಿ: ಪರಲೋಕ ಒಪ್ಪುತ್ತಾರೆಯೇ, ವೇದ ಒಪ್ಪುತ್ತಾರೆಯೇ, ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪುತ್ತಾರೆಯೇ. ಒಂದೊಂದು ದರ್ಶನವನ್ನೂ ಈ ಮೂರರಲ್ಲಿ ಗುರುತು ಹಾಕಿ. ಜೈನರು, ಬೌದ್ಧರು: ಪರಲೋಕ ಹೌದು, ವೇದ ಇಲ್ಲ, ಸೃಷ್ಟಿಕರ್ತ ಇಲ್ಲ. ಮೀಮಾಂಸಕರು (ವೇದದ ಯಜ್ಞವಿಧಿಗಳ ಅರ್ಥ ವಿಚಾರಿಸುವವರು): ಪರಲೋಕ ಹೌದು, ವೇದ ಹೌದು, ಸೃಷ್ಟಿಕರ್ತ ಇಲ್ಲ. ವೇದಕ್ಕೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡ ಕುಮಾರಿಲ ಭಟ್ಟನೇ ಶ್ಲೋಕವಾರ್ತಿಕದಲ್ಲಿ ಸೃಷ್ಟಿಕರ್ತನೆಂಬ ಕಲ್ಪನೆಯ ವಿರುದ್ಧ ವಾದಿಸುತ್ತಾನೆ. ಮೂರು ಕಂಬಕ್ಕೂ ‘ಇಲ್ಲ’ ಬೀಳುವುದು ಚಾರ್ವಾಕರಿಗೆ ಮಾತ್ರ. ಈ ಪುಟ ಮುಗಿಯುವ ಹೊತ್ತಿಗೆ ‘ಭಾರತೀಯರೆಲ್ಲ ದೈವಭಕ್ತರು’ ಎಂಬ ಮಾತೂ ‘ನಾಸ್ತಿಕತೆ ಹೊರಗಿನಿಂದ ಬಂದದ್ದು’ ಎಂಬ ಮಾತೂ ತಾನಾಗಿ ಸಡಿಲಗೊಂಡಿರುತ್ತವೆ.

ಚಾರ್ವಾಕರ ಪಂಥಕ್ಕೆ ಮುಂದೆ ಬಂದ ಇನ್ನೊಂದು ಹೆಸರಾದ ‘ಲೋಕಾಯತ’ ಪದವನ್ನೂ ಇಲ್ಲೇ ತೂಗಿಬಿಡಿ. ಕೌಟಿಲ್ಯ ‘ಸಾಂಖ್ಯಂ ಯೋಗೋ ಲೋಕಾಯತಂ ಚೇತ್ಯಾನ್ವೀಕ್ಷಿಕೀ’ ಎಂದು ಅದನ್ನು ತರ್ಕವಿದ್ಯೆಯ ಸಾಲಿನಲ್ಲಿ ಕೂರಿಸುತ್ತಾನೆ. ಪಾಲಿ ಸುತ್ತಗಳಲ್ಲಿ ವಿದ್ಯಾವಂತ ಬ್ರಾಹ್ಮಣನ ವರ್ಣನೆ ಬರುವಾಗ, ಅವನು ಕಲಿತ ವಿದ್ಯೆಗಳ ಪೈಕಿ ಲೋಕಾಯತವೂ ಒಂದು. ಅಂದರೆ ಹಳೆಯ ಕಾಲದಲ್ಲಿ ಈ ಹೆಸರು ಕಂಡ ಕೂಡಲೇ ‘ನಾಸ್ತಿಕರು ಸಿಕ್ಕರು’ ಎಂದು ಬರೆದುಕೊಳ್ಳಬಾರದು. ಹೆಸರು ಬೇರೆ, ಹುರುಳು ಬೇರೆ. ಹುರುಳು ನೋಡಿ ಗುರುತು ಹಾಕಿ.

ಕಾಲದ ಪಟ್ಟಿ

ಮೂರು ಮೀಟರಿನ ಕಾಗದದ ಮೇಲೆ 10 ವರ್ಷಕ್ಕೆ 1 ಸೆಂಟಿಮೀಟರಿನಂತೆ ಗೆರೆ ಎಳೆಯಿರಿ. ಕ್ರಿ.ಪೂ. 1200ರಿಂದ ಕ್ರಿ.ಶ. 1600ರವರೆಗೆ 280 ಸೆಂ.ಮೀ. ಆಗುತ್ತದೆ. ಪ್ರತಿ ಆಕರಕ್ಕೂ ಎರಡು ಚುಕ್ಕೆ ಇಡಿ: ಮಾತು ಆಡಿದ್ದೆಂದು ಹೇಳಲಾಗುವ ಕಾಲಕ್ಕೆ ನೀಲಿ, ಅದು ಬರಹಕ್ಕಿಳಿದ ಕಾಲಕ್ಕೆ ಕೆಂಪು. ಯಜ್ಞಕ್ಕೆ ಫಲವಿಲ್ಲವೆಂದ, ಬುದ್ಧನ ಕಾಲದ ಗುರು ಅಜಿತ ಕೇಸಕಂಬಲಿಗೆ ನೀಲಿ ಚುಕ್ಕೆ ಕ್ರಿ.ಪೂ. 5ನೇ ಶತಮಾನದಲ್ಲಿ ಬಿದ್ದರೆ, ಅವನ ಮಾತನ್ನು ಉಳಿಸಿದ ಬೌದ್ಧರ ಗ್ರಂಥರಾಶಿ ಪಾಲಿ ತಿಪಿಟಕ ಶ್ರೀಲಂಕಾದಲ್ಲಿ ಓಲೆಗರಿಗಿಳಿದದ್ದು ಸಂಪ್ರದಾಯದ ಪ್ರಕಾರ ಕ್ರಿ.ಪೂ. 1ನೇ ಶತಮಾನದಲ್ಲಿ. ನಡುವೆ ಒಂದು ಮೊಳಕ್ಕೆ ಹತ್ತಿರದ ಖಾಲಿ ಕಾಗದ. ಅಷ್ಟು ದಿನ ಮಾತು ಬಾಯಿಂದ ಬಾಯಿಗೆ ಸಾಗಿದೆ, ಅದೂ ಎದುರಾಳಿಗಳ ಬಾಯಲ್ಲಿ. ಅಜಿತನಿಂದ 14ನೇ ಶತಮಾನದ ಮಾಧವನಿಗೆ ಸುಮಾರು 180 ಸೆಂ.ಮೀ. ದೂರ. ಇವರಿಬ್ಬರ ಮಾತನ್ನು ಒಂದೇ ಉಸಿರಿನಲ್ಲಿ ‘ಚಾರ್ವಾಕರು ಹೀಗೆನ್ನುತ್ತಿದ್ದರು’ ಎಂದು ಹೇಳುವವರಿಗೆ ಈ ಪಟ್ಟಿಯನ್ನು ಗೋಡೆಯ ಮೇಲೆ ತೋರಿಸಬೇಕು.

ಪಟ್ಟಿಯ ಎಡತುದಿಯಲ್ಲಿ ಋಗ್ವೇದದ ಎರಡು ಕಡೆಯನ್ನು ಗುರುತಿಸಿ. 2.12ನೇ ಸೂಕ್ತದ 5ನೇ ಋಕ್ಕು: ಇಂದ್ರನ ಬಗ್ಗೆ ‘ಅವನೆಲ್ಲಿ’ ಎಂದು ಕೇಳುವವರಿದ್ದಾರೆ, ‘ಅವನಿಲ್ಲ’ ಎನ್ನುವವರೂ ಇದ್ದಾರೆ. 8.100ರ 3ನೇ ಋಕ್ಕು ಇನ್ನೂ ಮೊನಚು: ಇಂದ್ರನಿಲ್ಲ ಎನ್ನುತ್ತಾನೆ ಒಬ್ಬ, ಅವನನ್ನು ಕಂಡವರಾರು, ಯಾರನ್ನು ಸ್ತುತಿಸೋಣ? ಮುಂದಿನ ಋಕ್ಕಿನಲ್ಲಿ ಇಂದ್ರನೇ ‘ಇಗೋ ಇಲ್ಲಿದ್ದೇನೆ, ನೋಡು’ ಎನ್ನುತ್ತಾನೆ. ಸ್ತುತಿಗೀತೆಯ ಒಳಗೇ ಸಂದೇಹ ಬಂದು ಕೂತಿದೆ, ಅದಕ್ಕೆ ಉತ್ತರ ಕೊಡಬೇಕೆಂಬ ಒತ್ತಡವೂ ಇದೆ. ಹೊರಗೆ ಕೇಳುವವರಿಲ್ಲದಿದ್ದರೆ ಒಳಗೆ ಉತ್ತರ ಬೇಕಿರಲಿಲ್ಲ. ಕಠೋಪನಿಷತ್ತಿನಲ್ಲಿ ನಚಿಕೇತ ಯಮನನ್ನು ಕೇಳುವುದೂ ಇದನ್ನೇ: ಸತ್ತ ಮನುಷ್ಯನ ವಿಷಯದಲ್ಲಿ ಕೆಲವರು ‘ಇದ್ದಾನೆ’ ಎನ್ನುತ್ತಾರೆ, ಕೆಲವರು ‘ಇಲ್ಲ’ ಎನ್ನುತ್ತಾರೆ, ಯಾವುದು ನಿಜ?

ಗ್ರಂಥಗಳಿಲ್ಲದ ಕಡೆಗೂ ಹೋಗಬಹುದೇ ಎಂದು ಗುಂಪಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಂಬಿಕೆಯ ವಿಷಯದಲ್ಲಿ ಹೋಗಬಹುದು. ಅದು ನೆಲದಲ್ಲಿ ಗುರುತು ಬಿಡುತ್ತದೆ: ಗೋರಿ, ಬಲಿಪೀಠ, ಮಡಕೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದ ಬೃಹತ್ ಶಿಲಾಗೋರಿಗಳಲ್ಲಿ ಮೂಳೆಗಳ ಜೊತೆ ಮಡಕೆ, ಕಬ್ಬಿಣದ ಹತಾರ ಸಿಕ್ಕವು. ಸತ್ತವರಿಗೆ ಏನೋ ಕೊಟ್ಟು ಕಳಿಸುವ ರೂಢಿ ಇತ್ತೆಂದು ಅದರಿಂದ ಊಹಿಸಬಹುದು. ಆದರೆ ಆ ಕಲ್ಲು ಎಳೆದು ತಂದವರ ಪೈಕಿ ‘ಇದೆಲ್ಲ ಯಾಕೆ’ ಎಂದುಕೊಂಡವನೊಬ್ಬ ಇದ್ದನೇ? ಅವನ ಯೋಚನೆ ಮಡಕೆಯಾಗಿ ಉಳಿಯುವುದಿಲ್ಲ. ಅಪನಂಬಿಕೆಗೆ ಮಾತೊಂದೇ ಸಾಕ್ಷಿ, ಮಾತು ಬರಹಕ್ಕಿಳಿದ ಮೇಲೆಯೇ ಅದು ನಮಗೆ ಕಾಣುವುದು. ಹಾಗಾಗಿ ‘ನಂಬಿಕೆ ಮೊದಲು, ಅಪನಂಬಿಕೆ ಬಹಳ ಆಮೇಲೆ’ ಎಂಬ ತೀರ್ಮಾನವನ್ನು ಅಗೆತದ ಆಧಾರದ ಮೇಲೆ ಬರೆಯಬೇಡಿ.

ಎತ್ತಿ ಬರೆದುಕೊಳ್ಳುವಾಗ

ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ವಾದಕ್ಕೆ ಪೂರ್ವಪಕ್ಷ, ಗ್ರಂಥಕಾರನ ಉತ್ತರಕ್ಕೆ ಸಿದ್ಧಾಂತ ಎನ್ನುತ್ತಾರೆ. ಎರಡರ ನಡುವಿನ ಬೇಲಿ ಎಲ್ಲಿದೆಯೆಂದು ತಿಳಿಯಲು ಕೆಲವು ಪದಗಳ ಮೇಲೆ ಕಣ್ಣಿಡಿ. ‘ನನು’ ಬಂದರೆ ಎದುರಾಳಿ ಬಾಯಿ ತೆರೆದ. ‘ಇತಿ ಚೇತ್’ ಬಂದರೆ ಅವನ ಮಾತು ಮುಗಿಯಿತು. ‘ತನ್ನ’ (ತತ್ ನ, ‘ಅದು ಹಾಗಲ್ಲ’), ‘ತದಸತ್’, ‘ಅತ್ರೋಚ್ಯತೇ’ ಇವುಗಳಿಂದ ಉತ್ತರ ಶುರು. ಪೂರ್ವಪಕ್ಷವನ್ನು ಒಂದು ಬಣ್ಣದಲ್ಲಿ, ಉತ್ತರವನ್ನು ಇನ್ನೊಂದರಲ್ಲಿ ಬರೆಯಿರಿ. ‘ನನು’ ಎಂದವರೆಲ್ಲ ಚಾರ್ವಾಕರಲ್ಲ. ಎಷ್ಟೋ ಸಲ ಗ್ರಂಥಕಾರ ತನ್ನ ವಾದ ಗಟ್ಟಿ ಮಾಡಿಕೊಳ್ಳಲು ತಾನೇ ಕಲ್ಪಿಸಿಕೊಂಡ ಎದುರಾಳಿ ಅವನು. ‘ಇತಿ ಲೋಕಾಯತಿಕಾಃ’, ‘ಚಾರ್ವಾಕಾಸ್ತು’, ‘ಬಾರ್ಹಸ್ಪತ್ಯಾಃ’ ಎಂದು ಹೆಸರು ಹಿಡಿದು ಹೇಳಿದ್ದರೆ ಮಾತ್ರ ಖಾತೆಗೆ ಹಾಕಿ.

ಪ್ರತಿ ಉಲ್ಲೇಖದ ಪಕ್ಕ ಮೂರು ದರ್ಜೆಗಳಲ್ಲಿ ಒಂದನ್ನು ಬರೆಯಿರಿ. ಒಂದೇ ಮಾತು, ಹೆಚ್ಚುಕಡಿಮೆ ಅದೇ ಪದಗಳಲ್ಲಿ, ಒಬ್ಬರನ್ನೊಬ್ಬರು ನಕಲು ಮಾಡಿರಲಾರದ ಎರಡು ಪಂಥದವರಲ್ಲಿ ಸಿಕ್ಕರೆ ಅದು ಮೊದಲ ದರ್ಜೆ. ‘ಪೃಥಿವ್ಯಾಪಸ್ತೇಜೋ ವಾಯುರಿತಿ ತತ್ತ್ವಾನಿ’, ‘ತೇಭ್ಯಶ್ಚೈತನ್ಯಮ್’ ಮುಂತಾದ ಗಿಡ್ಡ ಸೂತ್ರಗಳು ಇಲ್ಲಿಗೆ ಸೇರುತ್ತವೆ. ಮಣ್ಣು, ನೀರು, ಬೆಂಕಿ, ಗಾಳಿ ಇವಿಷ್ಟೇ ತತ್ತ್ವ, ಇವುಗಳಿಂದಲೇ ಚೈತನ್ಯ. ಒಂದೇ ಕಡೆ, ಆದರೆ ಗಂಭೀರ ವಾದದ ನಡುವೆ ಸಿಕ್ಕರೆ ಎರಡನೆಯ ದರ್ಜೆ. ನಾಟಕ, ಪುರಾಣ, ಬೈಗುಳದಲ್ಲಿ ಸಿಕ್ಕರೆ ಮೂರನೆಯದು. 11ನೇ ಶತಮಾನದ ಕೃಷ್ಣಮಿಶ್ರನ ಪ್ರಬೋಧಚಂದ್ರೋದಯ ನಾಟಕದ ಚಾರ್ವಾಕ, ಮಹಾಭಾರತದ ಶಾಂತಿಪರ್ವದಲ್ಲಿ ಬ್ರಾಹ್ಮಣರ ಹುಂಕಾರಕ್ಕೆ ಸುಟ್ಟುಹೋಗುವ, ದುರ್ಯೋಧನನ ಗೆಳೆಯನಾದ ಚಾರ್ವಾಕ ರಾಕ್ಷಸ ಇಬ್ಬರೂ ಮೂರನೆಯ ದರ್ಜೆಯವರು. ಆ ರಾಕ್ಷಸ ಧರ್ಮರಾಯನನ್ನು ಹಳಿಯುವುದು ಬಂಧುಗಳನ್ನು ಕೊಂದು ಪಟ್ಟಕ್ಕೇರಿದನೆಂದು. ದರ್ಶನದ ಮಾತು ಅವನ ಬಾಯಲ್ಲಿ ಒಂದೂ ಇಲ್ಲ.

ತುಪ್ಪದ ಶ್ಲೋಕ

ಈಗ ಮೊದಲ ಪರೀಕ್ಷೆ. ಸರ್ವದರ್ಶನಸಂಗ್ರಹದ ಚಾರ್ವಾಕ ಅಧ್ಯಾಯದ ಕೊನೆಗೆ ಬರುವ, ಎಲ್ಲರಿಗೂ ಬಾಯಿಪಾಠವಾಗಿರುವ ಸಾಲು:

ಯಾವಜ್ಜೀವೇತ್ಸುಖಂ ಜೀವೇದೃಣಂ ಕೃತ್ವಾ ಘೃತಂ ಪಿಬೇತ್

ಅದೇ ಅಧ್ಯಾಯದ ಮೊದಲ ಪುಟಕ್ಕೆ ಹಿಂತಿರುಗಿ. ಅದೇ ಶ್ಲೋಕ ಅಲ್ಲಿ ಹೀಗಿದೆ:

ಯಾವಜ್ಜೀವಂ ಸುಖಂ ಜೀವೇನ್ನಾಸ್ತಿ ಮೃತ್ಯೋರಗೋಚರಃ

ಬದುಕಿರುವಷ್ಟು ದಿನ ಸುಖವಾಗಿ ಬದುಕಬೇಕು, ಸಾವಿನ ಕಣ್ಣು ತಪ್ಪಿಸಿದವರು ಯಾರೂ ಇಲ್ಲ. ಎರಡನೆಯ ಸಾಲು ಎರಡು ಕಡೆಯೂ ಒಂದೇ ಅರ್ಥದ್ದು: ಬೂದಿಯಾದ ದೇಹ ಮರಳಿ ಬರುವುದೆಲ್ಲಿಂದ? ಇನ್ನು 9ನೇ ಶತಮಾನದ ಕಾಶ್ಮೀರದ ನೈಯಾಯಿಕ ಜಯಂತ ಭಟ್ಟನ ನ್ಯಾಯಮಂಜರಿಯನ್ನು ತೆರೆದು ನೋಡಿ. ಅಲ್ಲಿರುವುದೂ ‘ನಾಸ್ತಿ ಮೃತ್ಯೋರಗೋಚರಃ’. ಮಾಧವನಿಗಿಂತ ಸುಮಾರು 500 ವರ್ಷ ಹಿಂದಿನ, ಚಾರ್ವಾಕರ ಮೇಲೆ ಯಾವ ಪ್ರೀತಿಯೂ ಇಲ್ಲದ ಎದುರಾಳಿಯ ಪಾಠದಲ್ಲಿ ಸಾಲವೂ ಇಲ್ಲ, ತುಪ್ಪವೂ ಇಲ್ಲ. ಸಾವಿನ ಮುಂದೆ ನಿಂತ ಒಂದು ಗಂಭೀರ ಮಾತನ್ನು ಅರ್ಧ ಸಾಲು ಬದಲಿಸಿ ಹೊಟ್ಟೆಬಾಕನ ಮಾತಾಗಿಸಿದ್ದಾರೆ. ತುಪ್ಪದ ಸಾಲಿಗೆ ಮೂರನೆಯ ದರ್ಜೆ, ಮೃತ್ಯುವಿನ ಸಾಲಿಗೆ ಮೊದಲ ದರ್ಜೆ. ನಮಗೆ ಕೇಳಿದರೆ, ಒಂದು ಪಂಥಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯವಾದದ್ದು ಕಡಿಮೆ.

ಅಜಿತನ ಮಾತು, ಪಾಯಾಸಿಯ ಪ್ರಯೋಗ

ಸಾಮಞ್ಞಫಲ ಸುತ್ತದಲ್ಲಿ ಹುಣ್ಣಿಮೆಯ ರಾತ್ರಿ ರಾಜ ಅಜಾತಶತ್ರು ರಾಜಗೃಹದ ಜೀವಕನ ಮಾವಿನತೋಪಿಗೆ ಬಂದು, ತಾನು ಹಿಂದೆ ಭೇಟಿಯಾದ ಆರು ಗುರುಗಳ ಉತ್ತರಗಳನ್ನು ಬುದ್ಧನಿಗೆ ಒಪ್ಪಿಸುತ್ತಾನೆ. ಅಜಿತ ಕೇಸಕಂಬಲಿಯ ಉತ್ತರವನ್ನು ನಿಧಾನವಾಗಿ ಓದಿ. ದಾನಕ್ಕೆ, ಯಜ್ಞಕ್ಕೆ, ಹೋಮಕ್ಕೆ ಫಲವಿಲ್ಲ. ಮನುಷ್ಯ ನಾಲ್ಕು ಭೂತಗಳಿಂದಾದವನು. ಸತ್ತಾಗ ಮಣ್ಣು ಮಣ್ಣಿಗೆ, ನೀರು ನೀರಿಗೆ, ಬೆಂಕಿ ಬೆಂಕಿಗೆ, ಗಾಳಿ ಗಾಳಿಗೆ, ಇಂದ್ರಿಯಗಳು ಆಕಾಶಕ್ಕೆ. ನಾಲ್ವರು, ಚಟ್ಟ ಐದನೆಯದು, ಹೆಣವನ್ನು ಹೊತ್ತು ಒಯ್ಯುತ್ತಾರೆ. ಸುಡುಗಾಡು ಮುಟ್ಟುವ ತನಕ ಅವನ ಗುಣಗಾನ. ಆಮೇಲೆ ಮೂಳೆಗಳು ಪಾರಿವಾಳದ ಬಣ್ಣಕ್ಕೆ ತಿರುಗುತ್ತವೆ, ಆಹುತಿಗಳೆಲ್ಲ ಬೂದಿಯಲ್ಲಿ ಮುಗಿಯುತ್ತವೆ. ಆ ಪಾರಿವಾಳದ ಬಣ್ಣವನ್ನು ಗಮನಿಸಿ: ಸುಟ್ಟ ಮೂಳೆಯನ್ನು ಹತ್ತಿರದಿಂದ ಕಂಡವರೇ ಹೇಳಬಹುದಾದ ಮಾತು ಅದು.

ಇದಕ್ಕೆ ದರ್ಜೆ ಕೊಡುವಾಗ ಹುರುಳನ್ನೂ ಹೆಸರನ್ನೂ ಬಿಡಿಸಿ ತೂಗಿ. ಇದೇ ವಾದ ಮಜ್ಝಿಮನಿಕಾಯದ ಸಂದಕ ಸುತ್ತದಲ್ಲಿ ಯಾರ ಹೆಸರೂ ಇಲ್ಲದೆ ಬರುತ್ತದೆ. ಹಾಗಾಗಿ ‘ಈ ವಾದ ಆ ಕಾಲದಲ್ಲಿ ಚಾಲ್ತಿಯಲ್ಲಿತ್ತು’ ಎಂಬುದು ಗಟ್ಟಿ, ‘ಅದನ್ನು ಹೇಳಿದವನು ಅಜಿತನೇ’ ಎಂಬುದು ಅಷ್ಟು ಗಟ್ಟಿಯಲ್ಲ.

ಪಾಯಾಸಿ ಸುತ್ತಕ್ಕೆ ಎರಡು ವಾರ ಕೊಡಿ. ಕೋಸಲದ ಸೇತವ್ಯಾ ಎಂಬ ಊರಿನ ಒಡೆಯ ಪಾಯಾಸಿ ಪರಲೋಕವಿಲ್ಲವೆಂದು ಬರಿದೇ ಹೇಳುವುದಿಲ್ಲ, ಪ್ರಯೋಗ ಮಾಡಿದ್ದೇನೆ ಎನ್ನುತ್ತಾನೆ. ಸಾಯುತ್ತಿದ್ದ ಬಂಧುಗಳಿಗೆ ‘ಅಲ್ಲಿಗೆ ಹೋದ ಮೇಲೆ ಬಂದು ತಿಳಿಸಿ’ ಎಂದಿದ್ದ, ಯಾರೂ ಬರಲಿಲ್ಲ. ಮರಣದಂಡನೆಯಾದ ಕಳ್ಳನನ್ನು ಜೀವಂತ ಹಂಡೆಯಲ್ಲಿ ಕೂರಿಸಿ, ಬಾಯಿಗೆ ಹಸಿ ಚರ್ಮ ಬಿಗಿದು, ಮೇಲೆ ದಪ್ಪಗೆ ಮಣ್ಣು ಮೆತ್ತಿ ಒಲೆಗೇರಿಸಿದ. ಸತ್ತ ಮೇಲೆ ಮೆಲ್ಲಗೆ ತೆರೆದು ನೋಡಿದರೆ ಜೀವ ಹೊರಬೀಳುವುದು ಕಾಣಲಿಲ್ಲ. ಇನ್ನೊಬ್ಬನನ್ನು ಬದುಕಿದ್ದಾಗ ತೂಗಿ, ಬಿಲ್ಲಿನ ಹೆದೆಯಿಂದ ಉಸಿರುಗಟ್ಟಿಸಿ ಕೊಂದು ಮತ್ತೆ ತೂಗಿಸಿದ. ಕ್ರೌರ್ಯದಲ್ಲಿ ಮೈ ನಡುಗಿಸುವ ಕೆಲಸ, ಸುತ್ತ ಅದನ್ನು ಮುಚ್ಚಿಡುವುದಿಲ್ಲ. ಭಿಕ್ಷು ಕುಮಾರಕಸ್ಸಪ ಒಂದೊಂದಕ್ಕೂ ಉಪಮೆಯಿಂದ ಉತ್ತರಿಸುತ್ತಾನೆ. ಕೊಲ್ಲಲು ಒಯ್ಯುವ ಕಳ್ಳ ‘ಮನೆಗೆ ಹೋಗಿ ಹೇಳಿ ಬರುತ್ತೇನೆ’ ಎಂದರೆ ಬಿಡುತ್ತಾರೆಯೇ? ನೀನು ಮಧ್ಯಾಹ್ನ ಮಲಗಿ ಕನಸಿನಲ್ಲಿ ತೋಟ ಸುತ್ತುವಾಗ ಪಕ್ಕದ ದಾಸಿಯರಿಗೆ ನಿನ್ನ ಜೀವ ಹೋಗಿ ಬರುವುದು ಕಾಣುತ್ತದೆಯೇ? ಶಂಖವನ್ನು ಅಡಿಮೇಲು ಮಾಡಿ ‘ಕೂಗು’ ಎಂದರೆ ಕೂಗುತ್ತದೆಯೇ, ಊದುವವನಿಲ್ಲದೆ?

ಇಲ್ಲಿ ಮಾಡುವ ಕೆಲಸ: ಎಡ ಪುಟದಲ್ಲಿ ಪಾಯಾಸಿಯ ವಾದ, ಬಲ ಪುಟದಲ್ಲಿ ಉತ್ತರ, ಕೆಳಗೆ ಒಂದು ಪ್ರಶ್ನೆ: ಇದನ್ನು ಇವತ್ತು ಪರೀಕ್ಷಿಸಬಹುದೇ? ಸತ್ತ ದೇಹ ಹೆಚ್ಚು ಭಾರವೆಂದು ಪಾಯಾಸಿ ಎನ್ನುತ್ತಾನೆ, ಕಾದ ಕಬ್ಬಿಣದ ಗುಂಡು ಹಗುರವಾಗುವಂತೆ ಬಿಸಿ ಮತ್ತು ಆಯುಸ್ಸು ಇರುವ ದೇಹ ಹಗುರವೆಂದು ಕಸ್ಸಪ. ಎರಡೂ ತಕ್ಕಡಿಗೆ ನಿಲ್ಲುವುದಿಲ್ಲ. ಸತ್ತ ಮಾತ್ರಕ್ಕೆ ದೇಹದ ತೂಕ ಏರುವುದಿಲ್ಲ, ಕಾಯಿಸಿದ ಮಾತ್ರಕ್ಕೆ ಕಬ್ಬಿಣ ತಕ್ಕಡಿಯಲ್ಲಿ ಹಗುರವಾಗುವುದಿಲ್ಲ. ಶಂಖದ ಉಪಮೆ ಬೇರೆ ಬಗೆಯದು, ಅದಕ್ಕೆ ತಕ್ಕಡಿ ಸಾಲದು. ಗುಂಪಿನಲ್ಲಿ ಅರ್ಧ ಜನ ಪಾಯಾಸಿಯ ಕಡೆ, ಅರ್ಧ ಕಸ್ಸಪನ ಕಡೆ ನಿಂತು ವಾದಿಸಿ, ಮುಂದಿನ ವಾರ ಅದಲುಬದಲಾಗಿ. ಬದಲಾಗದೆ ಹೋದರೆ ಈ ಅಭ್ಯಾಸ ಬರೀ ಜಗಳವಾಗುತ್ತದೆ.

ಎಲೆ, ಅಡಿಕೆ, ಸುಣ್ಣ

ನಾಲ್ಕು ಜಡಭೂತಗಳಿಂದ ಅರಿವು ಹೇಗೆ ಬಂದೀತು? ಚಾರ್ವಾಕರ ಪ್ರಸಿದ್ಧ ಉತ್ತರ ‘ಮದಶಕ್ತಿವತ್’: ಹುಳಿ ಬರಿಸುವ ಕಿಣ್ವ ಮುಂತಾದವು ಸೇರಿದಾಗ, ಯಾವ ಒಂದರಲ್ಲೂ ಇಲ್ಲದ ಅಮಲು ಹುಟ್ಟುವಂತೆ. ಶಂಕರರ ಹೆಸರಿನಲ್ಲಿರುವ, ಆದರೆ ಅವರದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪದ ಸರ್ವಸಿದ್ಧಾಂತಸಂಗ್ರಹದಲ್ಲಿ ಇನ್ನೊಂದು ಉಪಮೆಯಿದೆ: ಎಲೆ, ಅಡಿಕೆ, ಸುಣ್ಣ ಕೂಡಿದಾಗ ಬರುವ ಕೆಂಪು. ಇದನ್ನು ಕೂಟದಲ್ಲಿ ಮಾಡಿಯೇ ತೋರಿಸಿ. ಒಂದು ಚಮಚ ನುಣ್ಣಗೆ ಕುಟ್ಟಿದ ಅಡಿಕೆಪುಡಿ, ಕಡಲೆಕಾಳಿನಷ್ಟು ತಿನ್ನುವ ಸುಣ್ಣ, ಎರಡು ಚಮಚ ನೀರು, ಬಿಳಿ ತಟ್ಟೆ. ಸುಣ್ಣ ಬೆಳ್ಳಗಿದೆ, ಅಡಿಕೆ ಕಂದು. ಕಲಸಿ ಸ್ವಲ್ಪ ಹೊತ್ತು ಬಿಟ್ಟರೆ ಕೆಂಪು ಏರುತ್ತದೆ. ಸುಣ್ಣ ಹಳತಾಗಿ ಒಣಗಿದ್ದರೆ ಬಣ್ಣ ಸರಿಯಾಗಿ ಬರುವುದಿಲ್ಲ, ಡಬ್ಬಿಯಿಂದ ಹಸಿಯಾಗಿಯೇ ತೆಗೆಯಿರಿ.

ತೋರಿಸಿದ ಕೂಡಲೇ ಎದುರು ವಾದವನ್ನೂ ಓದಿ. ಬ್ರಹ್ಮಸೂತ್ರಭಾಷ್ಯದಲ್ಲಿ (3.3.53–54) ಶಂಕರರು ಲೋಕಾಯತಿಕರನ್ನು ನೇರವಾಗಿ ಎದುರಿಸುತ್ತಾರೆ: ಅರಿವು ದೇಹದ ಗುಣವೇ ಆಗಿದ್ದರೆ ಹೆಣದಲ್ಲೂ ಇರಬೇಕಿತ್ತಲ್ಲ, ರೂಪ ಮೊದಲಾದವು ಅಲ್ಲಿ ಉಳಿದಿವೆ, ಅರಿವು ಮಾತ್ರ ಯಾಕಿಲ್ಲ? ಇದು ಹಗುರವಾದ ಪ್ರಶ್ನೆಯಲ್ಲ. ಚಾರ್ವಾಕರ ಒಳಗೂ ಇದರ ಬಿಸಿ ತಟ್ಟಿದ್ದಕ್ಕೆ ಗುರುತಿದೆ. ‘ತೇಭ್ಯಶ್ಚೈತನ್ಯಮ್’ ಎಂಬ ಸೂತ್ರಕ್ಕೆ ಕ್ರಿಯಾಪದವಿಲ್ಲ. ಅವರ ವೃತ್ತಿಕಾರರಲ್ಲಿ (ಸೂತ್ರಕ್ಕೆ ವಿವರಣೆ ಬರೆದವರಲ್ಲಿ) ಕೆಲವರು ‘ಹುಟ್ಟುತ್ತದೆ’ ಎಂದರು, ಕೆಲವರು ‘ಪ್ರಕಟವಾಗುತ್ತದೆ’ ಎಂದರು ಎಂದು 8ನೇ ಶತಮಾನದ ಬೌದ್ಧ ಕಮಲಶೀಲ ದಾಖಲಿಸಿದ್ದಾನೆ. ಒಳಜಗಳವಿದೆಯೆಂದರೆ ಆ ಪಂಥ ಬದುಕಿತ್ತು, ಓದುತ್ತಿತ್ತು, ವ್ಯಾಖ್ಯಾನ ಬರೆಯುತ್ತಿತ್ತು ಎಂದೇ ಅರ್ಥ.

ತೋಳದ ಹೆಜ್ಜೆ

ನಂಬಿಕೆ ಹುಟ್ಟುವುದು ಹೇಗೆ ಎಂಬುದಕ್ಕೆ ಚಾರ್ವಾಕರದ್ದೇ ಒಂದು ವಿವರಣೆ ಇತ್ತು. ಹರಿಭದ್ರನ ಷಡ್ದರ್ಶನಸಮುಚ್ಚಯದ ಲೋಕಾಯತ ಭಾಗದಲ್ಲಿ ‘ಭದ್ರೇ ವೃಕಪದಂ ಪಶ್ಯ’ ಎಂಬ ತುಣುಕು ಬರುತ್ತದೆ: ತೋಳದ ಹೆಜ್ಜೆ ನೋಡು, ತಿಳಿದವರು ಏನೆನ್ನುತ್ತಾರೆ ಕೇಳು. ವ್ಯಾಖ್ಯಾನಕಾರರು ಅದರ ಹಿಂದಿನ ಕಥೆ ಕೊಡುತ್ತಾರೆ. ಪರಲೋಕವಿಲ್ಲ ಎನ್ನುವ ಗಂಡ, ಇದೆ ಎನ್ನುವ ಹೆಂಡತಿ. ಒಂದು ರಾತ್ರಿ ಅವಳನ್ನು ಊರಾಚೆ ಕರೆದೊಯ್ದು, ದಾರಿಯ ಧೂಳಿನ ಮೇಲೆ ತನ್ನ ಬೆರಳುಗಳಿಂದ ತೋಳದ ಹೆಜ್ಜೆಗುರುತು ಮೂಡಿಸುತ್ತಾ ಬರುತ್ತಾನೆ. ಬೆಳಗ್ಗೆ ಊರಿನ ಪಂಡಿತರು ಸೇರಿ, ರಾತ್ರಿ ಕಾಡಿನಿಂದ ತೋಳ ಬಂದಿತ್ತು, ಇಲ್ಲವಾದರೆ ಹೆಜ್ಜೆ ಹೇಗೆ ಮೂಡಿತು ಎನ್ನುತ್ತಾರೆ. ಹೆಂಡತಿಗೆ ಮಾತ್ರ ನಿಜ ಗೊತ್ತು. ಪಂಡಿತರು ಸುಳ್ಳು ಹೇಳುತ್ತಿಲ್ಲ, ಅವರ ತರ್ಕದಲ್ಲೂ ತಪ್ಪಿಲ್ಲ. ಗುರುತು ಇಟ್ಟವರಾರೆಂದು ಅವರಿಗೆ ಗೊತ್ತಿಲ್ಲ, ಅಷ್ಟೆ. ‘ಪುರೋಹಿತರು ಹೊಟ್ಟೆಪಾಡಿಗೆ ಕಟ್ಟಿದ್ದು’ ಎಂಬ ಒರಟು ವಾದವೂ ಚಾರ್ವಾಕರ ಹೆಸರಿನಲ್ಲಿ ಸರ್ವದರ್ಶನಸಂಗ್ರಹದಲ್ಲಿದೆ. ಈ ಕಥೆಯ ವಾದ ಅದಕ್ಕಿಂತ ಬಹಳ ಸೂಕ್ಷ್ಮ, ನಮ್ಮ ಮೆಚ್ಚುಗೆ ಇದಕ್ಕೇ.

ಇದರ ಜೊತೆಗೆ ಅಯೋಧ್ಯಾಕಾಂಡದ ಜಾಬಾಲಿಯ ಮಾತನ್ನು (ಪ್ರಚಲಿತ ಪಾಠದಲ್ಲಿ 108ನೇ ಸರ್ಗ) ಓದಿ. ಇಲ್ಲಿ ಒಬ್ಬ ಉಂಡದ್ದು ಇನ್ನೊಬ್ಬನ ಹೊಟ್ಟೆ ಸೇರುವುದಾದರೆ, ಪ್ರಯಾಣ ಹೋದವನಿಗೂ ಮನೆಯಲ್ಲೇ ಶ್ರಾದ್ಧದ ಎಡೆ ಇಡಬಹುದಲ್ಲ, ಬುತ್ತಿ ಯಾಕೆ ಕಟ್ಟಬೇಕು? ಇದೇ ವಾದ ಸರ್ವದರ್ಶನಸಂಗ್ರಹದ ಶ್ಲೋಕಗಳಲ್ಲೂ ಬರುತ್ತದೆ. ಆದರೆ ಜಾಬಾಲಿ ರಾಮನನ್ನು ಹಿಂದಕ್ಕೆ ಕರೆಯಲು ಹಾಗೆ ಮಾತಾಡಿದನೆಂದು ಕಾವ್ಯವೇ ಮುಂದೆ ಹೇಳುತ್ತದೆ. ವಾದಕ್ಕೆ ದರ್ಜೆ ಕೊಡಿ, ಜಾಬಾಲಿಯನ್ನು ಚಾರ್ವಾಕನೆಂದು ಬರೆಯಬೇಡಿ.

ಕನ್ನಡದಲ್ಲಿ ಎಲ್ಲಿ ನೋಡಬೇಕು

ಪಂಪನ ಆದಿಪುರಾಣ (941) ಕೈಗೆ ಸಿಕ್ಕರೆ ಮಹಾಬಲನ ಆಸ್ಥಾನದ ಪ್ರಸಂಗ ತೆರೆಯಿರಿ. ವಿದ್ಯಾಧರ ರಾಜನ ನಾಲ್ವರು ಮಂತ್ರಿಗಳಲ್ಲಿ ಸ್ವಯಂಬುದ್ಧ ಜೈನ, ಮಹಾಮತಿ ಭೂತವಾದಿ, ಅಂದರೆ ಮಣ್ಣು, ನೀರು ಮುಂತಾದ ಭೂತಗಳೇ ಎಲ್ಲವೆನ್ನುವವನು. ಉಳಿದಿಬ್ಬರು ಬೌದ್ಧ ವಾದಗಳನ್ನು ಹಿಡಿದವರು. ಜನ್ನನ ಯಶೋಧರಚರಿತೆಯಲ್ಲಿ (1209) ಊರಕಾವಲಿನ ಚಂಡಕರ್ಮ ಅಕಂಪನ ಮುನಿಯೊಡನೆ ದೇಹ ಬೇರೆ ಜೀವ ಬೇರೆಯೇ ಎಂದು ವಾದಕ್ಕಿಳಿಯುವ ಭಾಗವನ್ನು ಪಾಯಾಸಿ ಸುತ್ತದ ಪಕ್ಕದಲ್ಲಿಟ್ಟು ಓದಿ. ಪಾಯಾಸಿಯ ಕಥೆಗೆ ಜೈನ ಆಗಮದಲ್ಲೂ ಒಂದು ಜೋಡಿ ಇದೆ, ರಾಜ ಪಏಸಿ ಮತ್ತು ಕೇಶಿ ಮುನಿಯರ ಸಂವಾದ. ಶಿಕ್ಷೆ ಕೊಡುವ ಅಧಿಕಾರಿಯ ಬಾಯಲ್ಲಿ ಈ ವಾದವನ್ನಿಡುವ ಪದ್ಧತಿ ಎಷ್ಟು ದೂರ ನಡೆದು ಬಂದಿದೆ ನೋಡಿ. ಸರ್ವದರ್ಶನಸಂಗ್ರಹವೂ ವಿಜಯನಗರದ ನೆಲದ್ದೇ, ಅದರ ಕರ್ತೃ ಯಾವ ಮಾಧವ ಎಂಬ ಚರ್ಚೆ ಇನ್ನೂ ಇದ್ದೇ ಇದೆ. ಇಲ್ಲಿನ ಹಳೆಯ ಶಾಸನಗಳಲ್ಲಿ ಮುನಿಗಳನ್ನೂ ಪಂಡಿತರನ್ನೂ ಹೊಗಳುವಾಗ ಬೌದ್ಧ, ಮೀಮಾಂಸಕ, ಚಾರ್ವಾಕರೆಲ್ಲರನ್ನೂ ಸೋಲಿಸಿದವರೆಂಬ ಬಿರುದಿನ ಮಾಲೆ ಸಿಕ್ಕೀತು. ಅದು ಹೊಗಳಿಕೆಯ ಸಿದ್ಧ ಅಚ್ಚು. ಅಷ್ಟರಿಂದಲೇ ಆ ಊರಲ್ಲಿ ಚಾರ್ವಾಕರು ಮನೆ ಮಾಡಿಕೊಂಡಿದ್ದರು ಎನ್ನಲಾಗದು.

ಜನ ಎಡವುವ ಕಡೆ

‘ಪುರೋಹಿತರು ಚಾರ್ವಾಕರ ಪುಸ್ತಕಗಳನ್ನೆಲ್ಲ ಸುಟ್ಟರು’ ಎಂಬುದು ಪ್ರತಿ ಕೂಟದಲ್ಲೂ ಬರುವ ಮಾತು. ಹಾಗೆ ಸುಟ್ಟದ್ದಕ್ಕೆ ದಾಖಲೆ ಕೇಳಿ, ಸಿಗುವುದಿಲ್ಲ. ಇದಕ್ಕಿಂತ ಸಹಜವಾದ ಕಾರಣವೊಂದಿದೆ. ಓಲೆಗರಿ ಕೆಲವು ಶತಮಾನ ಬಾಳಿಕೆ ಬರುವುದೇ ಹೆಚ್ಚು, ಗೆದ್ದಲು, ತೇವ, ಮುರಿಯುವಿಕೆ. ಮತ್ತೆ ಮತ್ತೆ ಪ್ರತಿ ಮಾಡಿದ್ದು ಮಾತ್ರ ಉಳಿಯುತ್ತದೆ. ಪ್ರತಿ ಮಾಡಿಸಲು ಮಠವೋ ಬಸದಿಯೋ ಪಾಠಶಾಲೆಯೋ ಬೇಕು, ಪುಣ್ಯಕ್ಕಾಗಿ ಹಣ ಕೊಡುವ ದಾನಿ ಬೇಕು. ಪುಣ್ಯವೇ ಇಲ್ಲವೆನ್ನುವ ಗ್ರಂಥಕ್ಕೆ ದಾನಿ ಯಾರು? ಚಾರ್ವಾಕರಿಗೆ ಹತ್ತಿರದ ಗ್ರಂಥವೊಂದು ಉಳಿದದ್ದೂ ಈ ಮಾತಿಗೆ ಪುರಾವೆ. ಸುಮಾರು ಕ್ರಿ.ಶ. 800ರ ಜಯರಾಶಿ ಭಟ್ಟನ ತತ್ತ್ವೋಪಪ್ಲವಸಿಂಹದ ಓಲೆಪ್ರತಿ 1926ರಲ್ಲಿ ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ ಸಿಕ್ಕಿ 1940ರಲ್ಲಿ ಬರೋಡಾದ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಉಳಿಸಿದವರು ಎದುರಾಳಿಗಳು. ಆದರೆ ಅದನ್ನು ಚಾರ್ವಾಕರ ಮೂಲಗ್ರಂಥವೆಂದುಕೊಂಡರೆ ಮತ್ತೊಂದು ತಪ್ಪು. ಜಯರಾಶಿ ಪ್ರತ್ಯಕ್ಷವನ್ನೂ ನಂಬದೆ ಎಲ್ಲ ಪ್ರಮಾಣಗಳನ್ನೂ, ಅಂದರೆ ತಿಳಿವಿನ ಸಾಧನಗಳನ್ನೂ, ಬುಡಮೇಲು ಮಾಡುತ್ತಾನೆ, ನಾಲ್ಕು ಭೂತಗಳನ್ನೂ ಬಿಡುವುದಿಲ್ಲ.

ಇನ್ನೊಂದು ತುದಿಯ ತಪ್ಪು, ಚಾರ್ವಾಕರನ್ನು ಇವತ್ತಿನ ವಿಜ್ಞಾನಿಗಳೆಂದು ಕರೆಯುವುದು. ನಾಲ್ಕು ಭೂತಗಳ ವಾದಕ್ಕೂ ಪರಮಾಣು ವಿಜ್ಞಾನಕ್ಕೂ ಸಂಬಂಧವಿಲ್ಲ. ಹಾಗೆಯೇ ಋಗ್ವೇದದ ನಾಸದೀಯ ಸೂಕ್ತ (10.129) ‘ಮೇಲಿನಿಂದ ನೋಡುವವನಿಗೂ ಗೊತ್ತೋ ಇಲ್ಲವೋ’ ಎಂದು ಮುಗಿಯುತ್ತದೆಂದು ಅದನ್ನು ನಾಸ್ತಿಕರ ಖಾತೆಗೆ ಬರೆಯುವವರಿದ್ದಾರೆ. ಅದು ಬೆರಗು, ನಿರಾಕರಣೆಯಲ್ಲ.

ಕೊನೆಯ ವಾರಕ್ಕೆ ಒಂದು ಪ್ರಶ್ನೆ ಉಳಿಸಿಕೊಳ್ಳಿ: ಚಾರ್ವಾಕರು ಅನುಮಾನ ಪ್ರಮಾಣವನ್ನೇ (ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವುದನ್ನೇ) ಒಪ್ಪುತ್ತಿರಲಿಲ್ಲವೇ? ಸರ್ವದರ್ಶನಸಂಗ್ರಹ ಓದಿದವರು ಹೌದೆನ್ನುತ್ತಾರೆ. ಅಲ್ಲಿ ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿಯನ್ನು, ಅಂದರೆ ಎಂದೂ ತಪ್ಪದ ನಂಟನ್ನು, ಖಚಿತವಾಗಿ ತಿಳಿಯಲು ಸಾಧ್ಯವಿಲ್ಲವೆಂಬ ಉದ್ದ ವಾದವಿದೆ. ‘ಹಾಗಾದರೆ ಅವರು ಹೊಗೆ ಕಂಡರೂ ಬೆಂಕಿ ಹುಡುಕುತ್ತಿರಲಿಲ್ಲವೇ’ ಎಂದು ಗುಂಪಿನಲ್ಲಿ ನಗು ಏಳುತ್ತದೆ. ಆಗ ಕಮಲಶೀಲ ಉಳಿಸಿಕೊಟ್ಟ ಪುರಂದರನ ಮಾತನ್ನು ಓದಿ. ಚಾರ್ವಾಕರೊಳಗಿನ ಈ ಆಚಾರ್ಯ ಹೇಳುವುದು: ಲೋಕದಲ್ಲಿ ಎಲ್ಲರೂ ಬಳಸುವ ಅನುಮಾನವನ್ನು ಚಾರ್ವಾಕರೂ ಒಪ್ಪುತ್ತಾರೆ, ಲೋಕದ ದಾರಿಯನ್ನು ದಾಟಿ ಹೋಗುವ ಅನುಮಾನವನ್ನು ಮಾತ್ರ ಬೇಡವೆನ್ನುತ್ತಾರೆ. ಹೊಗೆಯಿಂದ ಬೆಂಕಿಗೆ ಹೋಗಬಹುದು, ಹೋಗಿ ಮುಟ್ಟಿ ನೋಡಬಹುದು. ಹೊಗೆಯಿಂದ ಸ್ವರ್ಗಕ್ಕೆ ಹೋಗಲಾಗದು. ಇದಕ್ಕೆ ಎರಡನೆಯ ದರ್ಜೆ ಕೊಟ್ಟು, ಪಟ್ಟಿಯಲ್ಲಿ 8ನೇ ಶತಮಾನದ ಹತ್ತಿರ ಕೆಂಪು ಚುಕ್ಕೆಯಿಟ್ಟು, ಮಾಧವನ ಉದ್ದ ವಾದದ ಚುಕ್ಕೆಗೂ ಇದಕ್ಕೂ ನಡುವಿನ ಸೆಂಟಿಮೀಟರುಗಳನ್ನು ಅಳೆದು ಪಕ್ಕದಲ್ಲೇ ಬರೆದಿಡಿ.